ಮಳೆ ಬಂದರೆ ವಿಜ್ಞಾನ, ಬಾರದಿದ್ದರೆ ತತ್ತ್ವಶಾಸ್ತ್ರ

2019ರ ಜೂನ್ 6ರಂದು ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪರ್ಜನ್ಯ ಜಪ, ಹೋಮ ನಡೆಸಬೇಕೆಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಖರ್ಚು 10,001 ರೂಪಾಯಿ ಮೀರಕೂಡದು ಎಂಬ ಷರತ್ತೂ ಇತ್ತು. ಹತ್ತು ಸಾವಿರ ಆಡಿಟ್‌ನವರ ಸಮಾಧಾನಕ್ಕೆ, ಮೇಲಿನ ಒಂದು ರೂಪಾಯಿ ವರುಣನ ಸಮಾಧಾನಕ್ಕೆ. ಶೃಂಗೇರಿ ಹತ್ತಿರದ ಕಿಗ್ಗಾದ ಋಷ್ಯಶೃಂಗನ ಸನ್ನಿಧಿಯಲ್ಲಿ ಸಚಿವರೇ ಹೋಮಕ್ಕೆ ಕೂತರು. ರೋಮಪಾದನ ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತರಿಸಿದ ಮುನಿ ಆತ. ಈ ಕೆಲಸಕ್ಕೆ ಅವನಷ್ಟು ಅನುಭವ ಇನ್ಯಾರಿಗಿದೆ?

ಅದೇ ಜೂನ್ 6ರ ಸುಮಾರಿಗೆ ಮುಂಗಾರು ಕೇರಳ ಮುಟ್ಟೀತೆಂದು ಹವಾಮಾನ ಇಲಾಖೆ ಮೇ ತಿಂಗಳಲ್ಲೇ ಹೇಳಿತ್ತು. ಮುಟ್ಟಿದ್ದು 8ರಂದು. ಹೋಮವಾದ ಎರಡೇ ದಿನಕ್ಕೆ! ಕಾಕತಾಳೀಯ ಎನ್ನುವವರು ಎನ್ನಲಿ. ಇಂಥ ಹೋಮವನ್ನು ಜನವರಿಯಲ್ಲಿ ಇಟ್ಟುಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಬರುವುದಿಲ್ಲ. ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ನೀರುಪಾಲಾದವು. ಇದು ನಮ್ಮ ಹೋಮದ ಫಲ ಎಂದು ಆಗ ಯಾರೂ ಎದೆ ತಟ್ಟಿಕೊಳ್ಳಲಿಲ್ಲ. ಹೋಗಿ ಕೇಳೋಣವೆಂದರೆ ಹೋಮ ಮಾಡಿಸಿದ ಸರ್ಕಾರ ಜುಲೈನಲ್ಲೇ ಬಿದ್ದಿತ್ತು. ಹೊಸ ಸಂಪುಟದಲ್ಲಿ ಮುಖ್ಯಮಂತ್ರಿಯವರೊಬ್ಬರೇ ಇದ್ದರು. ಮುಜರಾಯಿ ಮಂತ್ರಿ ಎಂಬ ಪ್ರಾಣಿಯೇ ಇನ್ನೂ ಹುಟ್ಟಿರಲಿಲ್ಲ.

ಪ್ರಕೃತಿ ತನ್ನಷ್ಟಕ್ಕೆ ತಾನು ನಡೆಯುತ್ತದೆಯೋ, ದೇವರ ಅಪ್ಪಣೆಗೆ ಕಾಯುತ್ತದೆಯೋ? ಇದು ವಿಜ್ಞಾನದ ಪ್ರಶ್ನೆಯೋ, ತತ್ತ್ವಶಾಸ್ತ್ರದ್ದೋ? ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮಲ್ಲಿ ಇದು ಎಂದೋ ಇತ್ಯರ್ಥವಾಗಿದೆ. ಮಳೆ ಬಂದರೆ ಅದು ವಿಜ್ಞಾನ: ‘ಕಣ್ಣೆದುರೇ ಪುರಾವೆ ಇದೆಯಲ್ಲ ಸ್ವಾಮಿ!’ ಬಾರದಿದ್ದರೆ ತತ್ತ್ವಶಾಸ್ತ್ರ: ‘ದೇವರನ್ನು ಮಳೆಮಾಪಕದಲ್ಲಿ ಅಳೆಯುವುದಕ್ಕಾಗುತ್ತದೆಯೇ?’ ಯಾವ ಮೇಜಿನಲ್ಲಿ ಉತ್ತರ ಕೊಡಬೇಕಾಗಿಲ್ಲವೋ ಆ ಮೇಜಿಗೆ ಕಡತ ತಾನಾಗಿಯೇ ಹೋಗಿ ಕೂರುತ್ತದೆ.

ಈ ಜಾಣತನ ಇಂದಿನದಲ್ಲ. ಇಷ್ಟಿ ಎಂಬ ಯಾಗ ಮಾಡಿಸಿದರೂ ಮಗ ಹುಟ್ಟಲಿಲ್ಲವಲ್ಲ, ಹಾಗಾದರೆ ವೇದ ಸುಳ್ಳೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರ ಮತ್ತು ಅದರ ಭಾಷ್ಯಗಳೇ ಎತ್ತಿಕೊಂಡಿವೆ. ಅಲ್ಲಿನ ಉತ್ತರ: ದೋಷ ಕರ್ಮದಲ್ಲಿರಬಹುದು, ಮಾಡಿದವನಲ್ಲಿರಬಹುದು, ಸಾಧನದಲ್ಲಿರಬಹುದು. ಅಂದರೆ ಮಂತ್ರ ತಪ್ಪಿತು, ಯಜಮಾನನ ನಡತೆ ನೆಟ್ಟಗಿಲ್ಲ, ತುಪ್ಪ ಕಲಬೆರಕೆ. ಸಚಿವರು ಯಜಮಾನರಾಗಿ ಕೂತ ಹೋಮದಲ್ಲಿ ಎರಡನೆಯ ಬಾಬತ್ತಿಗೆ ವಿವರಣೆ ಬೇಕಿಲ್ಲ. ಆದರೂ ನ್ಯಾಯಸೂತ್ರ ಬರೆದ ಗೌತಮ ದೊಡ್ಡವನು. ಆಕ್ಷೇಪವನ್ನು ಬಚ್ಚಿಡದೆ ಬರೆದಿಟ್ಟ. ನಮ್ಮ ಸುತ್ತೋಲೆಯಲ್ಲಿ ಖರ್ಚಿನ ಮಿತಿ ಇತ್ತು, ಮಳೆಯ ಮಿತಿ ಇರಲಿಲ್ಲ.

ಮೀಮಾಂಸಕರದು ಇನ್ನೂ ಮೋಜು. ಮಳೆಗೆಂದೇ ಕಾರೀರಿ ಎಂಬ ಇಷ್ಟಿಯಿದೆ. ಯಾಗದ ಫಲವನ್ನು ಯಾವ ದೇವರೂ ದಯಪಾಲಿಸಬೇಕಾಗಿಲ್ಲ, ವಿಧಿವತ್ತಾಗಿ ಮಾಡಿದ ಕರ್ಮವೇ ಫಲ ಕೊಡುತ್ತದೆ ಎಂದರು ಅವರು. ಕುಮಾರಿಲ ಭಟ್ಟನಂತೂ ಜಗತ್ತಿಗೊಬ್ಬ ಕರ್ತೃ ಬೇಕೆಂಬ ವಾದವನ್ನೇ ತಳ್ಳಿಹಾಕಿದ. ಕಟ್ಟಾ ಕರ್ಮಠನ ಲೆಕ್ಕದಲ್ಲಿ ಹೋಮವೆಂದರೆ ದೇವರಿಗೆ ಕೊಟ್ಟ ಅರ್ಜಿಯಲ್ಲ, ಯಂತ್ರ. ಯಂತ್ರವೆಂದಮೇಲೆ ಪರೀಕ್ಷೆ ತಪ್ಪಿದ್ದಲ್ಲ: ಎಷ್ಟು ಹೋಮಕ್ಕೆ ಎಷ್ಟು ಮಿಲಿಮೀಟರ್?

ಅರ್ಜಿಯೇ ಎನ್ನುವವರನ್ನೂ ಲೆಕ್ಕದವರು ಬಿಟ್ಟಿಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ರಾಜಮನೆತನದ ದೀರ್ಘಾಯುಷ್ಯಕ್ಕೆ ಪ್ರಾರ್ಥಿಸುತ್ತಾರಲ್ಲ, ಏನು ಫಲ ಎಂದು ಫ್ರಾನ್ಸಿಸ್ ಗಾಲ್ಟನ್ 1872ರಲ್ಲಿ ಲೆಕ್ಕ ಹಾಕಿದ. ದೊರೆಮನೆಯವರ ಸರಾಸರಿ ಆಯುಷ್ಯ 64 ವರ್ಷ. ಯಾರೂ ಹರಸದ ವಕೀಲರು ಅವರಿಗಿಂತ ಹೆಚ್ಚು ಬದುಕಿದ್ದರು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ತಮಗೆ ತಿಳಿಯದಂತೆ ಪ್ರಾರ್ಥನೆ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ‘ನಿಮಗಾಗಿ ಪ್ರಾರ್ಥನೆ ನಡೆಯುತ್ತದೆ’ ಎಂದು ಮೊದಲೇ ಹೇಳಿಸಿಕೊಂಡವರಲ್ಲಿ ಮಾತ್ರ ತೊಡಕು ಕಂಡವರು ಶೇ 59. ಉಳಿದವರಲ್ಲಿ ಶೇ 52ರ ಆಸುಪಾಸು. ಪ್ರಾರ್ಥನೆಯ ಮಟ್ಟಕ್ಕೆ ಹೋಯಿತೇ ನನ್ನ ಕಾಯಿಲೆ ಎಂದು ಹೆದರಿದರೋ ಏನೋ.

ಈ ಅಂಕಿಗಳನ್ನು ಹಿಡಿದು ಉಡುಪಿಗೆ ಹೋದರೆ ಅಲ್ಲಿ ಬೇಳೆ ಬೇಯುವುದಿಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದ ಮೊದಲಿಗೇ ಇರುವುದೆಲ್ಲವನ್ನೂ ಎರಡು ಪಾಲು ಮಾಡಿಬಿಟ್ಟರು: ಸ್ವತಂತ್ರ ಒಂದೇ, ವಿಷ್ಣು, ಮಿಕ್ಕದ್ದೆಲ್ಲ ಅವನ ಅಧೀನ. ಮಳೆ ಬಂದದ್ದೂ ಅವನ ಅಧೀನ, ಬಾರದ್ದೂ ಅವನ ಅಧೀನ, ಗಾಲ್ಟನ್ನನ ಲೆಕ್ಕವೂ ಅವನ ಅಧೀನ. ಯಾವ ಉಪಕರಣ ಹಿಡಿದರೂ ಮುಳ್ಳು ಒಂದೇ ಕಡೆ ನಿಲ್ಲುತ್ತದೆ. ಪ್ರಯೋಗಶಾಲೆ ಸೋಲಿಸಲಾಗದ, ಅದೇ ಕಾರಣಕ್ಕೆ ಗೆಲ್ಲಿಸಲೂ ಆಗದ ಮಾತು ಇದು. ಅಪ್ಪಟ ತತ್ತ್ವಶಾಸ್ತ್ರ. ಅದರ ಮರ್ಯಾದೆ ಇರುವುದೂ ಇಲ್ಲೇ: ಯಾವ ತಾಲ್ಲೂಕಿಗೂ ಅದು ಮಳೆಯ ಭರವಸೆ ಕೊಡುವುದಿಲ್ಲ.

ವಿಚಾರವಾದಿಗಳು ಬೀಗಬೇಕಾಗಿಲ್ಲ. ಉಪಗ್ರಹದ ಚಿತ್ರ ತೋರಿಸಿ ‘ಎಲ್ಲಿದ್ದಾನೆ ನಿಮ್ಮ ದೇವರು’ ಎಂದು ಕೇಳುವವರಿದ್ದಾರೆ. ಆ ಚಿತ್ರದಲ್ಲಿ ಮೋಡ ಕಾಣುತ್ತದೆ, ಮೋಡದ ಪಹಣಿ ಕಾಣುವುದಿಲ್ಲ. ದೇವರನ್ನು ಲೆಕ್ಕಕ್ಕೆ ಹಿಡಿಯದೆ ಲೆಕ್ಕ ಮಾಡುವುದು ವಿಜ್ಞಾನದ ಪದ್ಧತಿ. ಲೆಕ್ಕ ಸರಿಬಂತು, ಆದ್ದರಿಂದ ದೇವರಿಲ್ಲ ಎನ್ನುವುದು ತತ್ತ್ವಶಾಸ್ತ್ರ. ವಾದ ಮಾಡಲಿ, ಬೇಡವೆಂದವರಾರು? ಹವಾಮಾನ ಇಲಾಖೆಯ ಲೆಟರ್‌ಹೆಡ್ ಬಳಸದಿದ್ದರಾಯಿತು.

ಇನ್ನು ನಮ್ಮ ಸರ್ಕಾರದ ವಿಜ್ಞಾನ. 2017ರ ಆಗಸ್ಟ್‌ನಲ್ಲಿ ಜಕ್ಕೂರಿನಿಂದ ‘ವರ್ಷಧಾರೆ’ಯ ವಿಮಾನ ಹಾರಿತು, ಮೋಡಕ್ಕೆ ಸಿಲ್ವರ್ ಅಯೊಡೈಡ್ ಬಿತ್ತಲು. ವಿಮಾನ ಹೋಗುವುದು ಮೋಡವಿದ್ದ ಕಡೆಗೇ. ಬಿದ್ದ ಮಳೆಯಲ್ಲಿ ಬಿತ್ತನೆಯದೆಷ್ಟು, ಹೇಗಿದ್ದರೂ ಬೀಳುತ್ತಿದ್ದದ್ದೆಷ್ಟು? ತಿಳಿಯಬೇಕಾದರೆ ಚೀಟಿ ಎತ್ತಿ ಕೆಲವು ಮೋಡಗಳನ್ನು ಬಿತ್ತದೆ ಬಿಟ್ಟು ಹೋಲಿಸಿ ನೋಡಬೇಕು. ಪುಣೆಯ ಹವಾಮಾನ ವಿಜ್ಞಾನಿಗಳು ಸೊಲ್ಲಾಪುರದಲ್ಲಿ ಹಾಗೆಯೇ ಮಾಡಿದರು. ಬರಗಾಲದಲ್ಲಿ ‘ನಿಮ್ಮ ಕ್ಷೇತ್ರದ ಮೋಡ ಚೀಟಿಯಲ್ಲಿ ಬರಲಿಲ್ಲ’ ಎಂದರೆ ಯಾವ ಶಾಸಕರು ಸುಮ್ಮನಿರುತ್ತಾರೆ? ಚೀಟಿ ಎತ್ತದೆ ಹಾರಿಸಿದ ವಿಮಾನಕ್ಕೂ ಹೋಮಕ್ಕೂ ಇರುವ ವ್ಯತ್ಯಾಸ ಟೆಂಡರ್ ಒಂದೇ.

ಮುಂದಿನ ಬರಕ್ಕೆ ಸುತ್ತೋಲೆ ಹೊರಡುವಾಗ ಒಂದು ಕಾಲಂ ಸೇರಿಸಲಿ: ಯಾವ ತಾಲ್ಲೂಕಿಗೆ, ಯಾವ ದಿನದೊಳಗೆ, ಎಷ್ಟು ಮಿಲಿಮೀಟರ್, ತಪ್ಪಿದರೆ ಹೊಣೆ ಯಾರು. ತುಂಬಿದರೆ ಅದು ವಿಜ್ಞಾನ. ಖಾಲಿ ಬಿಟ್ಟರೆ ತತ್ತ್ವಶಾಸ್ತ್ರ. ಅದಕ್ಕೆ ಮಠಗಳಿವೆ, ವಿದ್ವಾಂಸರಿದ್ದಾರೆ, ಅವಸರವೂ ಇಲ್ಲ. ಮಳೆ ಯಾರ ಅಧೀನ ಎಂದು ಅವರು ಇನ್ನೂ ಸಾವಿರ ವರ್ಷ ಚರ್ಚಿಸಲಿ. ಬಿದ್ದ ಮಳೆ ನಿಲ್ಲಬೇಕಾದ ಕೆರೆಯ ಹೂಳು ಯಾರ ಅಧೀನ ಎಂಬುದು ಮಾತ್ರ ವಿಜ್ಞಾನದ ಪ್ರಶ್ನೆಯೂ ಅಲ್ಲ, ತತ್ತ್ವಶಾಸ್ತ್ರದ್ದೂ ಅಲ್ಲ. ಸಣ್ಣ ನೀರಾವರಿ ಇಲಾಖೆಯದು.