ಕೂತಲ್ಲೇ ಹನ್ನೊಂದು ಸಾವಿರ ಹೆಜ್ಜೆ

ರಾಜಾಜಿನಗರದಲ್ಲಿರುವ ನಮ್ಮಪ್ಪ ಎಡಿಸನ್ನಿನಲ್ಲಿರುವ ನನ್ನ ಮಾನ ಕಳೆಯುತ್ತಿದ್ದಾರೆ. ಅದೂ ಕುರ್ಚಿ ಬಿಟ್ಟೇಳದೆ.

ಯುಗಾದಿಯ ದಿನ ನನ್ನ ಮಗಳು ಬೇವುಬೆಲ್ಲದ ಜೊತೆ ಮನೆಮಂದಿಗೆಲ್ಲ ಗುರಿಯನ್ನೂ ಹಂಚಿದಳು. ದಿನಕ್ಕೆ 10,000 ಹೆಜ್ಜೆ, ಎಲ್ಲರ ಲೆಕ್ಕ ಒಂದೇ ಆ್ಯಪಿನಲ್ಲಿ. ಈ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಅಂಕಿ ಅಂತ ವಾದಿಸಿದೆ. ವಯಸ್ಸಾದ ಹೆಂಗಸರ ಮೇಲೆ ಅಮೆರಿಕದಲ್ಲೇ ನಡೆದ 2019ರ ಅಧ್ಯಯನದಲ್ಲಿ 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ ಅಂತಲೂ ಹೇಳಿದೆ.

"ನಿನ್ನೆ ನೀನೆಷ್ಟು ನಡೆದೆ ಅಪ್ಪ?" ಅಂದಳು. ವಾದ ಅಲ್ಲಿಗೆ ಮುಗಿಯಿತು.

ತಾತನದು ಮೊದಮೊದಲು ಮೂರು ಸಾವಿರ ದಾಟುತ್ತಿರಲಿಲ್ಲ. ರಾಮನವಮಿ ಬಂದದ್ದೇ ತಡ, ಹನ್ನೊಂದು ಸಾವಿರ! ಅದೂ ಸಂಜೆ ಏಳರಿಂದ ಹತ್ತರೊಳಗೆ. ನನಗೆ ಬೆಳಗಿನ ಕಾಫಿ ಹೊತ್ತು. ನೋಡನೋಡುತ್ತಿದ್ದಂತೆ ಅಂಕಿ ಏರುತ್ತಿತ್ತು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ.

"ನಡಿಗೆ ಎಲ್ಲಿಂದ ಬಂತೋ? ಚಾಮರಾಜಪೇಟೆ ಕಚೇರಿಗೆ ಹೋಗಿ ಕೂತಿದ್ದಾರೆ. ವಾಚು ಬಲಗೈಗೆ ಕಟ್ಕೊಂಡು ಹೋದ್ರು."

ತಾಳ! 1939ರಿಂದ ನಡೆದು ಬಂದಿರುವ ರಾಮಸೇವಾ ಮಂಡಳಿಯ ಸಂಗೀತೋತ್ಸವ, ಮುಂದಿನ ಸಾಲಿನ ಕುರ್ಚಿ, ಅಪ್ಪನ ತೊಡೆ. ಒಂದು ಪೆಟ್ಟು, ಮೂರು ಎಣಿಕೆ, ಪೆಟ್ಟು-ಹುಸಿ, ಪೆಟ್ಟು-ಹುಸಿ. ಬೆರಳೆಣಿಕೆಗೆ ವಾಚು ಅಷ್ಟಾಗಿ ಸೊಪ್ಪು ಹಾಕುವುದಿಲ್ಲವಂತೆ. ತೋಳೆತ್ತಿ ಬಡಿದರೆ ಹೆಜ್ಜೆ. ಇದನ್ನು ಪತ್ತೆ ಹಚ್ಚಿದ ಮೇಲೆ ಈ ನಿವೃತ್ತ ಗುಮಾಸ್ತರು ತಾಳಗಳಿಗೆಲ್ಲ ಲೆಡ್ಜರ್ ತೆರೆದಿದ್ದಾರೆ. ರೂಪಕದಲ್ಲಿ ಗಿಟ್ಟುತ್ತದೆ, ಖಂಡಚಾಪು ಪರವಾಗಿಲ್ಲ, ಆಲಾಪನೆ ಪೂರ್ತಿ ನಷ್ಟ. ತನಿ ಆವರ್ತನ ಶುರುವಾದರೆ ಕಾಫಿಗೆ ಏಳುತ್ತಿದ್ದ ಮನುಷ್ಯ ಈಗ ಅಲ್ಲಾಡುವುದಿಲ್ಲ. ಮೃದಂಗದವರು ಇವರ ಏಕಾಗ್ರತೆ ನೋಡಿ ಕೈ ಮುಗಿದರಂತೆ.

"ಮನೇಲೂ ಇದೇ ಕಣೋ, ಬೆಳಿಗ್ಗೆ ರೇಡಿಯೊ ಮುಂದೆ ಎರಡು ಸಾವಿರ," ಅಂದ ಅಮ್ಮ ಆಮೇಲೆ ದನಿ ತಗ್ಗಿಸಿದಳು. "ಮಂಡಿ ಹಿಡ್ಕೊಂಡಿದೆ. ರಾಮಮಂದಿರದ ಮೈದಾನದ ತನಕವೂ ಆಗ್ತಿಲ್ಲ. ಪಟ್ಟೀಲಿ ಕೆಳಗಿದ್ರೆ ಮಗು ಏನಂದ್ಕೊಳ್ಳುತ್ತೋ ಅಂತ."

ಅವಳು ದನಿ ತಗ್ಗಿಸಿದ್ದು ಸ್ಪೀಕರಿನಲ್ಲಿ. ನನ್ನ ಹಿಂದೆಯೇ ನಿಂತಿದ್ದ ಮಗು ಅಷ್ಟನ್ನೂ ಕೇಳಿಸಿಕೊಂಡಿತ್ತು. ಮರುದಿನ ವಿಚಾರಣೆ.

"ತಾತ, ಇದು ಮೋಸ ಅಲ್ವಾ?"

"ಮೋಸ ಮಾಡೋನು ಎರಡನೇ ಕಾಲದಲ್ಲಿ ಹಾಕ್ತಿದ್ದ ಪುಟ್ಟೀ. ನಾನು ಶಾಸ್ತ್ರೋಕ್ತವಾಗಿ ಒಂದನೇ ಕಾಲದಲ್ಲೇ ಹಾಕಿದೀನಿ."

ನ್ಯಾಯಾಧೀಶೆ ಪೆನ್ಸಿಲ್ ಕಚ್ಚಿ ಯೋಚಿಸಿ ತೀರ್ಪು ಕೊಟ್ಟಳು: ಮಂಡಿ ವಾಸಿಯಾಗುವ ತನಕ ಎರಡು ತಾಳಕ್ಕೆ ಒಂದು ಹೆಜ್ಜೆ.

"ಆಗ್ಲಿ," ಅಂದರು ಅಪ್ಪ, "ಆದ್ರೆ ತನಿ ಆವರ್ತನಕ್ಕೆ ಪೂರ್ತಿ ಕೊಡು ತಾಯೀ, ಕಾಫಿ ಬಿಟ್ಟು ಕೂತಿರ್ತೀನಿ."