ಬೀಗ ತೆಗೆದ ಶೆಡ್ಡಿನ ಮಗ್ಗ: ಒಂದು ಕಾಲ್ಪನಿಕ ಸಂದರ್ಶನ

ಮಹಾರಾಷ್ಟ್ರದ ಇಚಲಕರಂಜಿಯ ಸಾದಾ ಪವರ್‌ಲೂಮ್ ಬೀಡುಕಬ್ಬಿಣದ ಮೈಯುಳ್ಳ, ಲಾಳಿ ಹೊಡೆಯುವ, ವಯಸ್ಸು ಕೇಳಿದರೆ ಸಿಟ್ಟಾಗುವ ಯಂತ್ರ. ಊರಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಹಾಕಿದವರು ವಿಠ್ಠಲರಾವ್ ದಾತಾರ, ಬೆಂಬಲಕ್ಕಿದ್ದವರು ಜಹಗೀರುದಾರ ಘೋರ್ಪಡೆ. ಈಗಿರುವ ಮಗ್ಗಗಳೆಲ್ಲ ತಾವು ಅದೇ ವಂಶ ಎಂದು ಹೇಳಿಕೊಳ್ಳುತ್ತವೆ. 2020ರ ಮಾರ್ಚ್ 25ರ ಕೊರೊನಾ ಲಾಕ್‌ಡೌನಿಗೆ ನಿಂತುಹೋಗಿದ್ದ ಇಂಥದೊಂದು ಮಗ್ಗ, ಶೆಡ್ಡಿನ ಬೀಗ ತೆಗೆದ ಮೇಲೆ, ಕೆಲಸಕ್ಕೆ ಮರಳಲು ಅಂಜುತ್ತಿದ್ದ ಕಾರ್ಮಿಕರ ಕುರಿತು ಮಾತಾಡಲು ಒಪ್ಪಿತು. ಕರೆಂಟ್ ಹೋಗಿತ್ತು, ಹಾಗಾಗಿ ಮಾತು ಕೇಳಿಸಿತು.

ಕಾರ್ಮಿಕರ ಅಂಜಿಕೆ ಏನು ಎಂಬುದು ಮೊದಲ ಪ್ರಶ್ನೆ. ಮಗ್ಗದ ಉತ್ತರ ಇಲಿಗಳ ಬಗ್ಗೆ ಇತ್ತು. ಹಾಸಿನ ನೂಲಿಗೆ ಸೈಝಿಂಗ್‌ನಲ್ಲಿ ಗಂಜಿ ಹಾಕುತ್ತಾರೆ, ತಿಕ್ಕಾಟಕ್ಕೆ ಹರಿಯದಿರಲೆಂದು. “ಗಂಜಿ ಹಚ್ಚಿದ ಹಾಸಿನ ಬೀಮ್ ಮೈಮ್ಯಾಗ ಹಂಗಽ ಬಿಟ್ಟು ಹೋದ್ರು ನೋಡ್ರಿ. ಇಲಿಗೋಳು ಹೋಳಿಗಿ ಉಂಡಂಗ ಉಂಡು ಹೋದ್ವು. ಚರ್ಮದ ಪಟ್ಟಿನೂ ಬಿಡಲಿಲ್ಲ. ಜಂಗ್ ಹಿಡದದ್ದು ಬ್ಯಾರೆ. ಜಾಬರ್ ಎಣ್ಣಿ ಡಬ್ಬಿ ತಂದ ಮ್ಯಾಲಽ ಒಂದು ಗಾಲಿ ತಿರಗಿತು.” ಅಲ್ಲಿಂದ ನೂಲಿನ ದರ, ನೂಲಿನ ದರದಿಂದ ಲೈಟ್ ಬಿಲ್, ಲೈಟ್ ಬಿಲ್ಲಿನಿಂದ ಮುಂಬಯಿ ಸರ್ಕಾರ. ಕಾರ್ಮಿಕರನ್ನು ಎರಡು ಸಲ ನೆನಪಿಸಬೇಕಾಯಿತು.

ಸಂದರ್ಶಕನ ಆಸಕ್ತಿ ಕಿಟಕಿಯಲ್ಲಿತ್ತು. ಶೆಡ್ಡಿನ ಕಿಟಕಿಗಳು ಏಕೆ ಮುಚ್ಚಿವೆ? ಒಣಗಾಳಿಗೆ ಹತ್ತಿಯ ನೂಲು ಪಟಪಟ ಹರಿಯುತ್ತದೆ, ತೇವ ಇರಬೇಕು ಎಂದಿತು ಮಗ್ಗ. ಹಾಗಾದರೆ ಮೇಲಿನ ಕಿಟಕಿಯನ್ನಾದರೂ? ಅದಕ್ಕೂ ಅದೇ ಉತ್ತರ. ಸರ್ಕಾರ ಹೇಳಿದ ಎರಡು ಗಜ ದೂರದ ಮಾತು ಆಮೇಲೆ ಬಂತು. ಎರಡು ಮಗ್ಗಗಳ ನಡುವಿನ ಓಣಿಯಲ್ಲಿ ಒಬ್ಬ ಅಡ್ಡಮೈಯಾಗಿ ನುಸುಳಬೇಕು. ಸುತ್ತಲಿನ ಮಗ್ಗಗಳು ಒಟ್ಟಿಗೆ ಬಡಿಯುವಾಗ ಸದ್ದು ನೂರು ಡೆಸಿಬಲ್ ಆಸುಪಾಸು ಇರುತ್ತದೆ. ಮಾತು ಮುಟ್ಟಬೇಕಾದರೆ ಬಾಯಿ ಇನ್ನೊಬ್ಬನ ಕಿವಿಗೇ ಹೋಗಬೇಕು, ಅದೂ ಕಿರುಚುತ್ತ. ಹೀಗೆ ಹನ್ನೆರಡು ತಾಸಿನ ಪಾಳಿ.

ಉಸಿರಿನ ರೋಗ ಮಗ್ಗದ ಕುಲಕ್ಕೆ ಹೊಸದಲ್ಲ. ಹಿಂದೆ ಇಂಗ್ಲೆಂಡಿನ ಲ್ಯಾಂಕಶೈರ್‌ನ ನೇಕಾರರು ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ನೂಲಿನ ತುದಿಯನ್ನು ಹೀರಿ ಎಳೆಯುತ್ತಿದ್ದರು. ಒಂದೇ ಲಾಳಿ ಹಲವರ ಬಾಯಿಗೆ ಹೋಗುತ್ತಿತ್ತು. ಕ್ಷಯ ಹರಡೀತೆಂಬ ಭಯಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಅಂಥ ಲಾಳಿಯನ್ನು 1911ರಲ್ಲೇ ಕಾನೂನು ಮಾಡಿ ನಿಲ್ಲಿಸಿತು. ಈ ಸಂಗತಿ ಎತ್ತಿದ್ದಕ್ಕೆ ಮಗ್ಗ, “ಅದು ವಿಲಾಯತಿ ಕಾಕಾಗೋಳ ಕಥಿ, ನಮ್ಮ ಮ್ಯಾಲೆ ಯಾಕ ಹಾಕ್ತೀರಿ?” ಎಂದಿತು. ಲ್ಯಾಂಕಶೈರ್‌ನ ಶೆಡ್ಡುಗಳಿಗೆ ಕಿಟಕಿ ಎಲ್ಲಿದ್ದವು ಎಂಬ ಪ್ರಶ್ನೆಯನ್ನು ಅದು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವಿಷಯ ಪಗಾರ. ಲಾಕ್‌ಡೌನಿನಲ್ಲಿ ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಪಗಾರ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಆದೇಶಿಸಿತ್ತು. ಮೇ 18ರಿಂದ ಅದು ರದ್ದಾಯಿತು. ಇಚಲಕರಂಜಿಯಲ್ಲಿ ಕೂಲಿ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಸಿಗುತ್ತದೆ: ಮೀಟರಿಗೆ ಎಷ್ಟು, ಪಿಕ್ಕಿಗೆ (ಅಡ್ಡನೂಲಿನ ಎಳೆಗೆ) ಎಷ್ಟು. ಆದೇಶದಿಂದ ಎಷ್ಟು ಬಂತು ಎಂದು ಕೇಳಿದಾಗ ಮಗ್ಗ ಸ್ವಲ್ಪ ಹೊತ್ತು ಸುಮ್ಮನಿತ್ತು.

“ಪೂರ್ತಿ ಪಗಾರ ಅಂದ್ರ ಎಷ್ಟು? ನಾ ಓಡಿದಷ್ಟು. ನಾ ಓಡಲಿಲ್ಲ. ಸೊನ್ನಿದು ಪೂರ್ತಿ ಸೊನ್ನಿ. ಆಫೀಸಿನ ಮಂದಿ ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು ಮನೀಗೆ ಹೋದ್ರು, ಈಗ ಕರದ್ರ ಒಲ್ಲೆ ಅಂತಾರ, ಅನ್ನಲಿ. ಇವ್ರು ನನ್ನ ಎತ್ತಿ ಹೆಗಲಿಗೆ ಹಾಕ್ಕೊಂಡು ಹೋಗಬೇಕಿತ್ತೇನು? ಜಡ್ಡು ಬಂದ್ರ ಹದಿನಾಕು ದಿನ ಬ್ಯಾರೆ ಖೋಲಿಯೊಳಗ ಇರ್ರಿ ಅಂತ ಹೇಳಿದ್ರು. ಖೋಲಿ ಇರೂದಽ ಒಂದು, ಒಳಗ ಆರು ಮಂದಿ. ಹದಿನಾಕು ದಿನಕ್ಕ ಮಾಲೀಕ ನನ್ನ ಮುಂದ ಬ್ಯಾರೆಯವನ್ನ ನಿಲ್ಲಸ್ತಾನ. ತಿರುಗಿ ಬಂದವಗ ಮಗ್ಗ ಇಲ್ಲ. ಮುಂಗಡ ತುಗೊಂಡ ಉಚಲ ಮಾತ್ರ ಲೆಕ್ಕ ಬರಿಯೂ ದಿವಾಣಜಿ ವಹಿಯೊಳಗ ಹಂಗಽ ಐತಿ.”

ಇಲಿಯ ಮಾತು ಇಲ್ಲಿ ಬರಲಿಲ್ಲ. ಕಿಟಕಿಯದೂ ಬರಲಿಲ್ಲ.

ಹೋದವರೆಲ್ಲ ಮರಳಲಿಲ್ಲ. ಉತ್ತರ ಪ್ರದೇಶ, ಬಿಹಾರದವರು ಮೇ ತಿಂಗಳ ಶ್ರಮಿಕ ರೈಲುಗಳ ದಾರಿ ಹಿಡಿದರು. ಬೆಳಗಾವಿ, ವಿಜಯಪುರ ಕಡೆಯವರ ಊರು ಹತ್ತಿರ, ಗಡಿಯ ನಾಕಾ ಇನ್ನೂ ಹತ್ತಿರ. 2021ರ ಫೆಬ್ರುವರಿಯಲ್ಲಿ ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯ ಮಾಡಿದಾಗ ನಿಪ್ಪಾಣಿ ಬಳಿಯ ಕೊಗನೊಳ್ಳಿಯಲ್ಲಿ ತಪಾಸಣೆ ಶುರುವಾಯಿತು. ಅವ್ವನ್ನ ನೋಡಿಬರಲು ಹೊರಟವನು ಮೊದಲು ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕು. ಹನ್ನೆರಡು ತಾಸು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಲು ಮಾತ್ರ ಯಾವ ವರದಿಯೂ ಬೇಕಿರಲಿಲ್ಲ.

ಕೊನೆಯದಾಗಿ ಕಾರ್ಮಿಕರ ವಿಮೆ. ಇಎಸ್‌ಐ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಅನ್ವಯಿಸುತ್ತದೆ. ಈ ಶೆಡ್ಡು ಕಾರ್ಖಾನೆಯೇ ಎಂದು ಕೇಳಲಾಯಿತು. “ನಾ ಸಣ್ಣ ಮಾಲೀಕರ ಹೆಸರಿಗಿ ಅದೀನಿ. ಆ ಕಡೀ ನಾಕು ಅವರ ಅತ್ತಿಗಿ ಹೆಸರಿಗಿ, ಗ್ವಾಡಿ ಹತ್ರದ್ದು ದುಬೈದಾಗಿರೂ ಅಳಿಯಾಂದು. ಕಾಗದದ ಮ್ಯಾಲೆ ನಾವು ಒಬ್ಬರನ್ನೊಬ್ಬರು ನೋಡಽ ಇಲ್ಲ.” ಹಾಗಾದರೆ ಕಿಟಕಿ ಯಾರ ಹೆಸರಿಗಿದೆ ಎಂದು ಸಂದರ್ಶಕ ಕೇಳುವಷ್ಟರಲ್ಲಿ ಕರೆಂಟ್ ಬಂತು.