ಸರ್ಕಲ್ ಸುಂದರೀಕರಣ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ: ಬೀಚ್ ರಸ್ತೆ ಸರ್ಕಲ್ ಸುಂದರೀಕರಣ ಸಮಿತಿ, ಕರಾವಳಿಯ ಯಾವುದೇ ಊರು
ವಿಷಯ: ಬೀಚ್ ಸರ್ಕಲ್‌ನಲ್ಲಿ ಸಂಚಾರ ಸುಗಮಗೊಳಿಸುವುದು ಮತ್ತು ಅನುದಾನ ಮಿಕ್ಕಿದರೆ ಜೀವ ಉಳಿಸುವುದು
ಉಲ್ಲೇಖ: ಇದೇ ವಿಷಯದ ಹಿಂದಿನ ಮನವಿಗಳು (ಕಡತ ಪರಿಶೀಲನೆಯಲ್ಲಿದೆ)

ಮಾನ್ಯರೇ,

ನಾಲ್ಕಾರು ರಸ್ತೆಗಳು ಕೂಡುವಲ್ಲಿ ನಡುವೆ ದುಂಡನೆಯ ದ್ವೀಪ ಕಟ್ಟಿ, ವಾಹನಗಳೆಲ್ಲ ಅದನ್ನು ಒಂದೇ ದಿಕ್ಕಿನಲ್ಲಿ ಸುತ್ತಿ ತಮ್ಮ ತಮ್ಮ ದಾರಿ ಹಿಡಿಯುವಂತೆ ಮಾಡಿದ ವ್ಯವಸ್ಥೆಗೆ ಸರ್ಕಲ್ ಎಂದು ಹೆಸರು. ಇದು ಎಂಜಿನಿಯರುಗಳ ವ್ಯಾಖ್ಯೆ. ಪುರಸಭೆಗಳ ಠರಾವು ಪುಸ್ತಕದಲ್ಲಿ ಬೇರೊಂದು ವ್ಯಾಖ್ಯೆ ಚಾಲ್ತಿಯಲ್ಲಿದೆ: ಕಾರಂಜಿ, ಪ್ರತಿಮೆ, ಹೈಮಾಸ್ಟ್ ದೀಪ, ‘ಐ ಲವ್’ ಎಂದು ಶುರುವಾಗಿ ಊರಿನ ಹೆಸರಿನಲ್ಲಿ ಮುಗಿಯುವ ಆಳೆತ್ತರದ ಅಕ್ಷರಗಳು, ಇವನ್ನೆಲ್ಲ ಮಂಜೂರು ಮಾಡಿಸಿದವರ ಭಾವಚಿತ್ರವುಳ್ಳ ಫ್ಲೆಕ್ಸ್, ಇಷ್ಟನ್ನೂ ನಿಲ್ಲಿಸಲು ಬೇಕಾದ ಜಾಗವೇ ಸರ್ಕಲ್. ಈ ಎರಡನೆಯ ವ್ಯಾಖ್ಯೆಯಲ್ಲಿ ವಾಹನಗಳಿಗೂ ಸ್ಥಾನವಿದೆ. ಉದ್ಘಾಟನೆಗೆ ಬರುವವರು ವಾಹನದಲ್ಲೇ ಬರಬೇಕಲ್ಲ.

ಮೊದಲ ವ್ಯಾಖ್ಯೆಗೆ ಇತಿಹಾಸವೂ ಇದೆ. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ ಒಂದೇ ದಿಕ್ಕಿನ ಸುತ್ತು ಜಾರಿಗೆ ಬಂದದ್ದು 1905ರಲ್ಲಿ. ಸಾರೋಟುಗಳ ಕಾಲದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮೋಟಾರುಗಳು ಹೆಚ್ಚಿದಂತೆ ದೋಷವೊಂದು ಹೊರಬಿತ್ತು. ಎಷ್ಟೋ ಕಡೆ ಒಳನುಗ್ಗುವವರಿಗೇ ಮೊದಲ ಹಕ್ಕು ಇದ್ದುದರಿಂದ, ಸುತ್ತುತ್ತಿದ್ದವರು ಹೊರಗೆ ಹೋಗಲಾರದೆ ನಿಂತರು. ಅವರು ನಿಂತದ್ದರಿಂದ ಹೊಸಬರೂ ಒಳಗೆ ಬರಲಾರದೆ ನಿಂತರು. ಪರಿಹಾರಕ್ಕೆ ಜಗತ್ತು 1966ರವರೆಗೆ ಕಾಯಬೇಕಾಯಿತು. ಆ ವರ್ಷ ಬ್ರಿಟನ್ನು, ವೃತ್ತದೊಳಗೆ ಇರುವವರಿಗೆ ಹೊರಗಿನವರು ದಾರಿ ಬಿಡಬೇಕು ಎಂದು ನಿಯಮ ಮಾಡಿತು. ಕಲ್ಲು, ಸಿಮೆಂಟು, ಟೆಂಡರು ಯಾವುದೂ ಬೇಡದ ಈ ಒಂದು ವಾಕ್ಯದಿಂದಲೇ ಆಧುನಿಕ ಸರ್ಕಲ್ ಹುಟ್ಟಿತು.

ಭಾರತದಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ ಸುತ್ತು ಗಡಿಯಾರದ ಮುಳ್ಳಿನಂತೆ ಸಾಗುತ್ತದೆ. ಒಳಗಿರುವವರು ಬಲಗಡೆಯಿಂದಲೇ ಎದುರಾಗುತ್ತಾರೆ, ಬಲಗಡೆಯಿಂದ ಬಂದವರಿಗೆ ದಾರಿ ಬಿಡುವುದು ನಿಯಮ. ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸುಗಳು ಇದಕ್ಕೆ ಒಂದು ಸಣ್ಣ ತಿದ್ದುಪಡಿ ತಂದಿವೆ. ಯಾರ ಹಾರ್ನು ದೊಡ್ಡದೋ ಅವರೇ ಬಲಗಡೆಯವರು. ಹಿಂದಿನ ಬಸ್ಸಿಗಿಂತ ಎರಡು ನಿಮಿಷ ಮುಂದೆ ಓಡಬೇಕಾದ ಟೈಮಿಂಗ್ಸ್ ಇರುವಲ್ಲಿ, ‘ರೈಟ್ ಪೋಯಿ’ (ಹೋಗೋಣ) ಎಂಬ ಕಂಡಕ್ಟರನ ಕೂಗಿಗೆ ಇರುವಷ್ಟು ಬಲ ರಸ್ತೆ ನಿಯಮಕ್ಕೆ ಇಲ್ಲ.

ಸರ್ಕಲ್ ಜೀವ ಉಳಿಸುವುದು ಎರಡು ಕಾರಣಗಳಿಂದ. ಸಾಮಾನ್ಯ ನಾಲ್ಕು ರಸ್ತೆಯ ಕೂಡಿನಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಮುಟ್ಟುವ ಅಥವಾ ಕತ್ತರಿಸುವ ಬಿಂದುಗಳು 32. ಒಂದೇ ಸಾಲಿನ ಸರ್ಕಲ್‌ನಲ್ಲಿ ಅವು 8ಕ್ಕೆ ಇಳಿಯುತ್ತವೆ, ಎದುರುಬದುರು ಗುದ್ದುವ ಬಗೆಯವು ಇಲ್ಲವೇ ಇಲ್ಲ. ಎರಡನೆಯದು ವೇಗ. ನಡುವಿನ ದ್ವೀಪ ನೇರ ದಾರಿಗೆ ಅಡ್ಡ ಕೂತು, ಪ್ರತಿ ಚಾಲಕನೂ ಸ್ಟಿಯರಿಂಗ್ ತಿರುಗಿಸಿ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿಗೆ ಇಳಿಯುವಂತೆ ಮಾಡುತ್ತದೆ. ಆ ವೇಗದಲ್ಲಿ ಬಂಪರು ಹೋಗುತ್ತದೆ, ಪ್ರಾಣ ಬಹುಮಟ್ಟಿಗೆ ಉಳಿಯುತ್ತದೆ. ಅಮೆರಿಕದಲ್ಲಿ ಸಿಗ್ನಲ್ ಅಥವಾ ಸ್ಟಾಪ್ ಫಲಕ ಇದ್ದ ಕೂಡುರಸ್ತೆಗಳನ್ನು ಸರ್ಕಲ್ ಮಾಡಿ ನೋಡಿದ ಅಧ್ಯಯನದಲ್ಲಿ ಜನ ಗಾಯಗೊಳ್ಳುವ ಅಪಘಾತಗಳು ಸುಮಾರು ಮುಕ್ಕಾಲು ಪಾಲು ಇಳಿದಿದ್ದವು. ಇದರಲ್ಲಿ ಕಾರಂಜಿಯ ಪಾತ್ರವೇನು ಎಂದು ಸಮಿತಿ ಕೇಳಬಹುದು. ಅದರ ಉತ್ತರವಿರುವುದು ಅಮೆರಿಕದ ಫ್ಲಾರಿಡಾದಲ್ಲಿ.

ಅಲ್ಲಿನ ಕ್ಲಿಯರ್‌ವಾಟರ್ ಬೀಚ್, ಮುಖ್ಯಭೂಮಿಯಿಂದ ಸೇತುವೆ ದಾಟಿ ಹೋಗಬೇಕಾದ ಮರಳಿನ ದ್ವೀಪ. 1999ರ ಡಿಸೆಂಬರಿನಲ್ಲಿ ಅದರ ಹೆಬ್ಬಾಗಿಲಲ್ಲಿ ಎರಡು ಸಾಲಿನ ದೊಡ್ಡ ಸರ್ಕಲ್ ತೆರೆಯಿತು, ನಡುವೆ ಅದ್ದೂರಿ ಕಾರಂಜಿ. ವಸಂತದ ರಜೆಗೆ ಊರು ತುಂಬುವ ಮೊದಲೇ ಕೆಲಸ ಮುಗಿದದ್ದು ಶ್ಲಾಘನೀಯ. ಆದರೆ ಆ ರಜೆಯಲ್ಲಿ ಬರುವವರು ಸರ್ಕಲ್ ಎಂಬುದನ್ನೇ ಹೆಚ್ಚು ಕಂಡವರಲ್ಲ. ಆಧುನಿಕ ಬಗೆಯ ಸರ್ಕಲ್ ಅಮೆರಿಕಕ್ಕೆ ಬಂದದ್ದೇ 1990ರಲ್ಲಿ, ನೆವಾಡಾದಲ್ಲಿ. ಕ್ಲಿಯರ್‌ವಾಟರ್‌ನಲ್ಲಿ ಮೊದಲ ವರ್ಷಗಳಲ್ಲಿ ನೂರಾರು ಸಣ್ಣಪುಟ್ಟ ಡಿಕ್ಕಿಗಳಾದವು. ಒಳಸಾಲಿನವರಿಗೆ ಹೊರಗೆ ಹೋಗಬೇಕು, ಹೊರಸಾಲಿನವರಿಗೆ ಸುತ್ತುತ್ತಲೇ ಇರಬೇಕು, ಕಾರುಗಳು ಪಕ್ಕಕ್ಕೆ ಪಕ್ಕ ಉಜ್ಜಿಕೊಂಡವು. ಊರವರು ಎರಡು ಪಕ್ಷವಾದರು. ಕೊನೆಗೆ ನಗರಾಡಳಿತ ಸಾಲುಗಳನ್ನೂ ತಿರುವುಗಳನ್ನೂ ತಿದ್ದಿತು, ಕೆಲವೇ ವರ್ಷಗಳಲ್ಲಿ ಕಾರಂಜಿಯನ್ನು ಕಿತ್ತು ಹಾಕಿತು. ಸರ್ಕಲ್ ಉಳಿಯಿತು. ನಮ್ಮಲ್ಲಾದರೆ ಕಾರಂಜಿ ಉಳಿಸಿಕೊಂಡು ಸರ್ಕಲ್ ಕೀಳುವ ಪ್ರಸ್ತಾವ ಬರುತ್ತಿತ್ತು.

ನಡುದ್ವೀಪದಲ್ಲಿ ಏನೂ ಇರಬಾರದು ಎಂದಲ್ಲ. ಅಲ್ಲಿ ಸ್ವಲ್ಪ ದಿಬ್ಬವಿದ್ದು ಗಿಡಗಳಿದ್ದರೆ ದೂರದಿಂದ ಬರುವವರಿಗೆ ರಸ್ತೆ ಮುಂದೆ ನೇರ ಹೋಗುವುದಿಲ್ಲ ಎಂದು ತಿಳಿಯುತ್ತದೆ, ಅದು ಒಳ್ಳೆಯದೇ. ಇರಬಾರದ್ದು ಜನರನ್ನು ಅಲ್ಲಿಗೆ ಕರೆಯುವ ವಸ್ತು. ಜಯಂತಿಯ ದಿನ ಪ್ರತಿಮೆಗೆ ಹಾರ ಹಾಕಲು ಏಣಿ ಒಯ್ಯುವವರೂ, ವರ್ಷವಿಡೀ ‘ಐ ಲವ್’ ಅಕ್ಷರಗಳೆದುರು ಸೆಲ್ಫಿಗೆ ನಿಲ್ಲುವವರೂ ಅಲ್ಲಿಗೆ ಹೋಗುವುದು ತಿರುಗುತ್ತಿರುವ ವಾಹನಗಳನ್ನು ಅಡ್ಡ ಹಾಯ್ದೇ. ಆ ಅಕ್ಷರಗಳನ್ನು ಮರಳಿನ ಬದಿಗೆ ಸಾಗಿಸಿದರೆ ಊರಿನ ಮೇಲಿನ ಪ್ರೀತಿ ಕಡಿಮೆಯಾಗದು, ಹಿನ್ನೆಲೆಗೆ ಕಡಲೂ ಸಿಗುತ್ತದೆ.

ಕಡಲೂರಿನ ಸರ್ಕಲ್‌ಗೆ ಪೇಟೆಯ ಸರ್ಕಲ್‌ಗಿಲ್ಲದ ಕೆಲವು ಕಷ್ಟಗಳಿವೆ. ಮೊದಲನೆಯದು, ರಸ್ತೆ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಮುರುಡೇಶ್ವರದಲ್ಲಿ ಹೆದ್ದಾರಿಯಿಂದ ತಿರುಗಿದ ರಸ್ತೆ ದೇವಸ್ಥಾನದ ಮುಂದೆ, ಕಡಲಿನ ಅಂಚಿನಲ್ಲಿ ಮುಗಿಯುತ್ತದೆ. ಗೋಕರ್ಣದ ರಥಬೀದಿಯ ಕೊನೆಯಲ್ಲೂ ಇರುವುದು ಮರಳೇ. ಹಾಗಾಗಿ ಭಾನುವಾರ ಸಂಜೆ ಪಾರ್ಕಿಂಗ್ ತುಂಬಿತೆಂದರೆ ಸರ್ಕಲ್‌ನ ಒಂದು ಬಾಯಿ ಮುಚ್ಚುತ್ತದೆ. ಒಂದು ಬಾಯಿ ಮುಚ್ಚಿದರೆ ಇಡೀ ಸುತ್ತು ನಿಲ್ಲುತ್ತದೆ, ಬೀಚಿನ ಗೊಡವೆಯೇ ಇಲ್ಲದೆ ಮನೆಗೆ ಮೀನು ಒಯ್ಯುತ್ತಿರುವವರೂ ಸಿಕ್ಕಿಬೀಳುತ್ತಾರೆ. ಆಗ ಪೊಲೀಸರೊಬ್ಬರು ನಡುವೆ ನಿಂತು ಕೈ ಮತ್ತು ಸೀಟಿಯಿಂದ ಸರ್ಕಲ್ ಅನ್ನು ಸಿಗ್ನಲ್ ಆಗಿ ಪರಿವರ್ತಿಸುತ್ತಾರೆ. ಅವರ ಶ್ರಮ ದೊಡ್ಡದು, ಜಾಗ ಮಾತ್ರ ತಪ್ಪು. ಪಾರ್ಕಿಂಗ್ ತುಂಬಿದೆ ಎಂಬ ಸುದ್ದಿ ತಲುಪಬೇಕಾದದ್ದು ಹೆದ್ದಾರಿಯ ತಿರುವಿನಲ್ಲಿ, ಕಡಲಿನ ವಾಸನೆ ಮೂಗಿಗೆ ಬಡಿದ ಮೇಲೆ ಅಲ್ಲ.

ಎರಡನೆಯದು, ಬರುವವರಲ್ಲಿ ಬಹಳಷ್ಟು ಜನ ಮೊದಲ ಸಲ ಬಂದವರು. ಚಾಲಕನ ಒಂದು ಕಣ್ಣು ಮೊಬೈಲಿನ ನಕ್ಷೆಯ ಮೇಲೆ, ಇನ್ನೊಂದು ಗೋಳಿಬಜೆಯ ಅಂಗಡಿಯ ಮೇಲೆ. ರಸ್ತೆ ದಾಟುವವರು ಬರಿಗಾಲಿನಲ್ಲಿ, ಒದ್ದೆ ಬಟ್ಟೆಯಲ್ಲಿ, ಮಕ್ಕಳ ಕೈ ಹಿಡಿದು ಬರುವ ಸಂಸಾರಗಳು. ಕಾದ ಡಾಂಬರಿನ ಮೇಲೆ ನಿಂತು ಕಾಯುವ ತಾಳ್ಮೆ ಅಂಗಾಲಿಗೆ ಇರುವುದಿಲ್ಲ.

ಮೂರನೆಯದು ಮೀನು. ಮಲ್ಪೆಯಂಥ ಊರಿನಲ್ಲಿ ಬಂದರಿಗೂ ಬೀಚಿಗೂ ಉಡುಪಿ ಕಡೆಯಿಂದ ಮುಖ್ಯ ದಾರಿ ಒಂದೇ. ಮೀನಿನ ಲಾರಿಯಿಂದ ಸೋರುವ ಮಂಜುಗಡ್ಡೆಯ ನೀರು ನೇರ ರಸ್ತೆಯಲ್ಲಿ ಬರೀ ವಾಸನೆ, ತಿರುವಿನಲ್ಲಿ ಬೈಕ್ ಬೀಳಿಸುವ ಎಣ್ಣೆ. ಸರ್ಕಲ್ ಎಂದರೆ ತಿರುವೇ. ಅದರ ಮೇಲೆ ಗಾಳಿ ಮರಳು ಉದುರಿಸುತ್ತದೆ, ಬಿಳಿ ಪಟ್ಟೆಗಳನ್ನು ಮುಚ್ಚುತ್ತದೆ, ಉಪ್ಪಿನ ಹವೆ ಫಲಕಗಳ ಕಬ್ಬಿಣವನ್ನು ತಿನ್ನುತ್ತದೆ. ಲಾರಿಗಳಿಗೆ ನೀರು ಹಿಡಿಯುವ ಟ್ಯಾಂಕ್ ಕಡ್ಡಾಯವಾಗಬೇಕು. ಇದನ್ನು ಪದೇ ಪದೇ ಹೇಳಲಾಗಿದೆ, ಪದೇ ಪದೇ ಸೋರಿದೆ.

ಮಾಡಬೇಕಾದ ಕೆಲಸವೆಲ್ಲ ಇರುವುದು ಅಂಚಿನಲ್ಲಿ, ಆದ್ದರಿಂದಲೇ ಅದರ ಮೇಲೆ ಯಾರ ಕಣ್ಣೂ ಬಿದ್ದಿಲ್ಲ. ಒಳಬರುವ ಪ್ರತಿ ರಸ್ತೆಯ ಬಾಯಲ್ಲಿ ತ್ರಿಕೋನದ ಸಣ್ಣ ದ್ವೀಪವೊಂದು ಬೇಕು. ಅದು ವಾಹನವನ್ನು ಎಡಕ್ಕೆ ಬಾಗಿಸಿ ವೇಗ ಇಳಿಸುತ್ತದೆ, ನಡೆಯುವವರು ಒಂದು ಸಲಕ್ಕೆ ಒಂದೇ ದಿಕ್ಕು ನೋಡಿ ಅರ್ಧ ದಾಟಿ ನಿಲ್ಲಲು ಜಾಗ ಕೊಡುತ್ತದೆ. ಝೀಬ್ರಾ ಪಟ್ಟೆ ಸುತ್ತಿನ ಅಂಚಿನಲ್ಲಿ ಅಲ್ಲ, ಅಲ್ಲಿಂದ ಒಂದು ಕಾರಿನಷ್ಟು, ಅಂದರೆ ಸುಮಾರು ಆರು ಮೀಟರ್ ಹಿಂದೆ ಇರಬೇಕು. ಹಾಗಿದ್ದರೆ ದಾರಿ ಬಿಟ್ಟು ನಿಂತ ಕಾರಿನ ಬೆನ್ನ ಹಿಂದಿನಿಂದ ಜನ ದಾಟಬಹುದು. ಅದನ್ನು ಹಂಪಿನಂತೆ ಎತ್ತರಿಸಿದರೆ ಇನ್ನೂ ಮೇಲು. ಒಂದು ಸಾಲು ಸಾಕಾಗುವಲ್ಲಿ ಎರಡು ಮಾಡಬಾರದು. ರಸ್ತೆ ಅಗಲವಾದಷ್ಟೂ ಅಪಾಯ ಅಗಲ. ಬಸ್ಸು, ಮೀನಿನ ಲಾರಿಗಳ ಹಿಂದಿನ ಚಕ್ರ ಒಳಕ್ಕೆ ಎಳೆಯುವುದರಿಂದ ನಡುದ್ವೀಪದ ಸುತ್ತ ತುಸುವೇ ಎತ್ತರದ ಕಲ್ಲುಹಾಸಿನ ಪಟ್ಟಿ ಬಿಡಬೇಕು, ಕಾರುಗಳು ಅದರ ಮೇಲೆ ಏರುವ ಮನಸ್ಸು ಮಾಡದಷ್ಟು ಒರಟಾಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 65 ಎಂಬ ಕೈಪಿಡಿ 1976ರಿಂದಲೂ ಸರ್ಕಲ್ ವಿನ್ಯಾಸಕ್ಕೆಂದೇ ಇದೆ. ಸುಂದರೀಕರಣಕ್ಕೆ ಮೊದಲು ಅದನ್ನು ಓದಬಾರದೆಂಬ ನಿಷೇಧವೇನೂ ಇದ್ದಂತಿಲ್ಲ.

ಬಸ್ ಸ್ಟಾಪು ಸರ್ಕಲ್‌ನಿಂದ ಹೊರಬರುವ ಬಾಯಲ್ಲೇ ಇರುವುದು ಕರಾವಳಿಯ ಹಳೆಯ ಸಂಪ್ರದಾಯ. ಇಳಿಯುವವರಿಗೆ ಹತ್ತಿರ, ಅದರ ಬೆನ್ನಿಗೇ ರಿಕ್ಷಾ ಸ್ಟ್ಯಾಂಡು, ಎಳನೀರಿನ ಗಾಡಿ. ಅದನ್ನು ಐವತ್ತು ಹೆಜ್ಜೆ ಮುಂದಕ್ಕೆ ಸರಿಸುವುದು ಈ ಪತ್ರದ ಅತ್ಯಂತ ಅಗ್ಗದ ಸಲಹೆ. ಜಾರಿಗೆ ತರಲು ಅತ್ಯಂತ ಕಷ್ಟದ್ದೂ ಅದೇ, ಏಕೆಂದರೆ ಕಾರಂಜಿಗೆ ಮತವಿಲ್ಲ, ರಿಕ್ಷಾ ಸ್ಟ್ಯಾಂಡಿಗೆ ಇದೆ.

ಕೆಲಸದ ಕಾಲವನ್ನು ಕಡಲೇ ಗೊತ್ತುಮಾಡಿದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಪ್ರವಾಸಿಗಳನ್ನು ನೀರಿಗಿಳಿಯಲೂ ಬಿಡುವುದಿಲ್ಲ. ಮೀನಿನ ಲಾರಿಗಳೂ ಕಡಿಮೆ, ಪ್ರವಾಸಿಗಳೂ ಕಡಿಮೆ. ಪ್ಲಾಸ್ಟಿಕ್ ಕೋನ್‌ಗಳನ್ನೂ ಮರಳಿನ ಚೀಲಗಳನ್ನೂ ಇಟ್ಟು ಹೊಸ ತಿರುವುಗಳನ್ನು ಪರೀಕ್ಷಿಸಲು ಆ ಎರಡು ತಿಂಗಳು ಸಾಕು. ಮಳೆಯ ಬಿರುಸು ಇಳಿದ ಮೇಲೆ ಕಟ್ಟೆಯ ಕೆಲಸ ಹಿಡಿಯಬಹುದು. ಒದ್ದೆ ರಸ್ತೆಗೆ ಬಣ್ಣ ಹಿಡಿಯದಾದ್ದರಿಂದ ಪಟ್ಟೆ ಬಳಿಯುವುದು ಕೊನೆಗೆ, ದಸರಾ ರಜೆಯ ಕಾರುಗಳು ಘಟ್ಟ ಇಳಿಯುವ ಮುನ್ನ. ಆಮೇಲೆ ವಾರಕ್ಕೊಮ್ಮೆ ಮರಳು ಗುಡಿಸಲು ಇಬ್ಬರು ಬೇಕು, ಅವರ ಸಂಬಳಕ್ಕೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಸಾಲು. ಗುದ್ದಲಿ ಪೂಜೆ ಅನಿವಾರ್ಯವೆಂದಾದರೆ ಬೆಳಗ್ಗೆ ಏಳರೊಳಗೆ, ರಸ್ತೆ ಬಂದ್ ಮಾಡದೆ, ಫುಟ್‌ಪಾತಿನ ಮೇಲೆ ನಡೆಸಬಹುದು. ಫುಟ್‌ಪಾತ್ ಇಲ್ಲದಿದ್ದಲ್ಲಿ ಮೊದಲು ಅದಕ್ಕೇ ಪೂಜೆಯಾಗಲಿ.

ಇತಿ,
ರಸ್ತೆ ದಾಟುವವರ ಪರವಾಗಿ